ಸಂದು

ಲಾರ್ಚ್ ಮರಗಳು ಹಳದಿ ಉದುರಿಸಿ ಮುಗಿಸಿದ ಮಾರನೆಯ ಬೆಳಿಗ್ಗೆ
ಬಕೆಟ್ಟಿನ ನೀರಿನ ಮೇಲೆ ಉಗುರಿನಷ್ಟು ತೆಳುವಾದ ಗಾಜು.
ಇನ್ನು ಮೂರು ದಿನ, ಹೆಚ್ಚೆಂದರೆ ನಾಲ್ಕು.
ಲೇನಾ ನದಿಯ ಈ ದಂಡೆಯಲ್ಲಿ ಸಗಣಿಗೂ ಗಡುವಿದೆ.
ಆಮೇಲೆ ಅದು ಕೈಮಾತು ಕೇಳುವುದಿಲ್ಲ,
ಗೋಡೆ ಮುಟ್ಟುವ ಮೊದಲೇ ಕಲ್ಲಾಗುತ್ತದೆ.

ಕಿಟಕಿಗಳದ್ದು ಮುಗಿಯಿತು.
ಎರಡು ಗಾಜಿನ ನಡುವೆ ಹತ್ತಿ ತುಂಬಿ,
ತೇವ ಹೀರಲೆಂದು ಒಂದೊಂದು ಲೋಟ ಉಪ್ಪು ಇರಿಸಿದ್ದೇನೆ.
ಮೊಮ್ಮಗ ಎರ್ಚಿಮ್ ಮೈದಾ ಅಂಟು ಕಾಯಿಸಿ
ಹಳೆಯ ಲೆಕ್ಕದ ಪುಸ್ತಕ ಹರಿದು ಅಂಚಿಗೆ ಪಟ್ಟಿ ಮೆತ್ತಿದ.
ಈ ಚಳಿಗಾಲವಿಡೀ ನನ್ನ ಮನೆಯ ಗಾಳಿ ತಡೆಯುವುದು
ಅವನು ತಪ್ಪು ಮಾಡಿದ ಭಾಗಾಕಾರ.

ಕೆರೆಯಿಂದ ಕುಡಿಯುವ ಮಂಜುಗಡ್ಡೆ ಕೊಯ್ಯುವುದು ನವೆಂಬರಿಗೆ.
ಈಗ ಉಳಿದದ್ದು ಕೊಟ್ಟಿಗೆ.
ಐದು ಹಸು, ಒಂದು ಕರು, ಓರೆಯಾಗಿ ನಿಲ್ಲಿಸಿದ ದಿಮ್ಮಿಯ ನಾಲ್ಕು ಗೋಡೆ.
ಮೈನಸ್ ಐವತ್ತು ಬಂದು ಬಾಗಿಲು ಬಡಿದರೆ
ಬರಿಯ ಮರ ಉತ್ತರ ಕೊಡಲಾರದು.
ಸಗಣಿ, ಜೇಡಿ, ಬಿಸಿನೀರು;
ಮೊಣಕೈತನಕ ಇಳಿಸಿ ಕಲಸಬೇಕು, ಹಿಟ್ಟಿನ ಹದ ಬರುವವರೆಗೆ.
ಒಬ್ಬಳ ಕೆಲಸವಲ್ಲ.

ಇನ್ನೊಬ್ಬಳು ಬೇಕೆಂದರೆ ಬೇಲಿಯಾಚೆ ಒಗ್ದೋ ಇದ್ದಾಳೆ,
ನನ್ನ ನಾದಿನಿ.
ಜುಲೈಯಿಂದ ಅವಳೂ ನಾನೂ ಮಾತು ಬಿಟ್ಟಿದ್ದೇವೆ.
ಕೆರೆದಂಡೆಯ ಹುಲ್ಲು. ಮೂರು ಬಣವೆಯಷ್ಟು.
ಅವಳ ಕುಡುಗೋಲು ನನ್ನ ಗೂಟ ದಾಟಿತು ಎಂದು ನಾನು,
ಗೂಟವೇ ನಡೆದು ಬಂತು ಎಂದು ಅವಳು.
ಸೊಳ್ಳೆಗಳು ಇಬ್ಬರನ್ನೂ ಭೇದವಿಲ್ಲದೆ ಕುಡಿದವು.

ಇವತ್ತು ಹೊತ್ತು ಏರುವಾಗ
ಕೊಟ್ಟಿಗೆಯ ಆ ತುದಿಯಲ್ಲಿ ಚಪ್ಪ್ ಎಂದಿತು.
ತಿರುಗಿ ನೋಡಲಿಲ್ಲ. ಬೇಕಾಗಿರಲೂ ಇಲ್ಲ.
ಒಗ್ದೋ ಎಡಗೈಯವಳು; ಅವಳು ಮೆತ್ತಿದ ಗೋಡೆ
ಗಾಳಿಗೆ ಆ ಕಡೆ ಬಾಗಿದ ಹುಲ್ಲು,
ನನ್ನದು ಈ ಕಡೆ ಬಾಗಿದ್ದು.
ಹೋದ ವರ್ಷದ ಪದರ ಚಕ್ಕೆಯೆದ್ದಲ್ಲಿ ಅದರ ಹಿಂದಿನದು,
ಅದರಡಿ ಅತ್ತೆ ಬಲ್ಬಾರಳ ಐದು ಬೆರಳು,
ದಪ್ಪ, ಅವಸರದವು.
ಆ ಮುದುಕಿಯೂ ಯಾರನ್ನೋ ಬೈಯುತ್ತಲೇ ಮೆತ್ತಿರಬೇಕು.

ಅವಳು ಮೂಡಲಿಂದ, ನಾನು ಪಡುವಲಿಂದ.
ಮಧ್ಯಾಹ್ನ ಎರ್ಚಿಮ್ ಚಹಾ ತಂದ.
ಎರಡು ಲೋಟ ದೂರ ದೂರ ಇಟ್ಟು
‘ಅಜ್ಜಿ, ಇವುಗಳ ನಡುವೆಯೂ ಗೂಟ ಹೊಡೆಯಲೇ?’ ಎಂದ.
ನಗು ಬಂತು. ಕೈತುಂಬ ಸಗಣಿ,
ಬಾಯಿ ಮುಚ್ಚಿಕೊಳ್ಳುವಂತಿರಲಿಲ್ಲ.

ಬಡಗಣ ಗೋಡೆಯಲ್ಲಿ ಎದುರಾದೆವು, ಬಿಸಿಲು ಆರಿದ ಮೇಲೆ.
ನಡುವೆ ಒಂದು ಮೊಳ ಬರಿಯ ಮರ.
ಸಂದು ಬೆಸೆಯುವುದು ಬೇರೆಯೇ ವಿದ್ಯೆ:
ಎರಡೂ ಅಂಚು ಹಸಿ ಇರುವಾಗಲೇ ಒಂದರೊಳಗೊಂದು ತೀಡಬೇಕು.
ಒಂದು ಒಣಗಿ ಒಂದು ಹಸಿಯಿದ್ದರೆ
ಜನವರಿಯಲ್ಲಿ ಬಿರಿಯುತ್ತದೆ;
ಆ ಬಿರುಕಿಗೆ ಒಂದು ರಾತ್ರಿ ಸಾಕು, ಕರುವಿನ ಕಿವಿ ತಿನ್ನಲು.

ನನ್ನ ಅಂಚು ಒಣಗತೊಡಗಿತ್ತು.
‘ನೀರು,’ ಎಂದಳು ಒಗ್ದೋ.
ಎಂಬತ್ತು ದಿನದ ಮೇಲೆ ಮೊದಲ ಮಾತು,
ಅದೂ ನನಗೋ, ಬಕೆಟ್ಟಿಗೋ.
‘ಬಿಸಿಯದಿದೆ,’ ಎಂದೆ, ಚೊಂಬು ಚಾಚಿ.

ಆಮೇಲೆ ಅವಳ ಎಡಗೈ, ನನ್ನ ಬಲಗೈ.
ಹುಲ್ಲಿನ ಸುದ್ದಿ ಬರಲಿಲ್ಲ.
ಹೋಗುವಾಗ ಹಿಮದ ಬೂಟಿಗೆ ಹೊಸ ಅಟ್ಟೆ ಹಾಕಿಸಿದೆಯಾ ಎಂದಳು,
ಇಲ್ಲ ಎಂದೆ, ಬಯ್ದಳು.

ರಾತ್ರಿ. ಹೊಸ ಗೋಡೆಯಿಂದ ಸಣ್ಣಗೆ ಹಬೆ ಏಳುತ್ತಿದೆ,
ಬೆಳಗಾಗುವುದರೊಳಗೆ ಗಟ್ಟಿಯಾಗಲಿದೆ.
ಒಳಗೆ ಹಸುಗಳು ಮೆಲುಕು ಹಾಕುತ್ತಿವೆ, ಅದೇ ಕೆರೆದಂಡೆಯದನ್ನು.
ಗೂಟ ನಡೆದದ್ದು ನಿಜ. ಎರಡು ಹೆಜ್ಜೆ.
ಕಾಲು ನನ್ನವು.

ನಾಳೆ ಅವಳ ಕೊಟ್ಟಿಗೆ.
ಬಕೆಟ್ಟನ್ನು ಈಗಲೇ ಒಲೆಯ ಬಳಿ ತಂದಿಟ್ಟಿದ್ದೇನೆ.